ಮೈನ್‌ಕ್ರಾಫ್ಟ್ ತೆರೆಯುವ ಮೊದಲೇ ಮುಚ್ಚಿಹೋಗುತ್ತಿದೆ, ಎಕ್ಸಿಟ್ ಕೋಡ್ 1: ದಾರಿ ಹೇಳಿ

ಕದಂಬವನ (ಶಿರಸಿ)

ಎಲ್ಲರಿಗೂ ನಮಸ್ಕಾರ. ಮಗಳಿಗೆ ಹೊಸ ಕಂಪ್ಯೂಟರ್ ಕೊಡಿಸಿ, ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯನ್ನು ಹಣ ಕೊಟ್ಟೇ ಕೊಂಡಿದ್ದೇವೆ. ವಿಂಡೋಸ್ 11, ಹದಿನಾರು ಜಿಬಿ ರ್‍ಯಾಮ್. ಮಾಡ್‌ಗಳನ್ನು (ಆಟಕ್ಕೆ ಬೇರೆಯವರು ಬರೆದ ಹೆಚ್ಚುವರಿ ಭಾಗಗಳು) ಸೇರಿಸಿ ಆಡಬೇಕೆಂಬ ಆಸೆಯಿಂದ ಅವಳು ಪ್ರತ್ಯೇಕ ಲಾಂಚರ್ (ಆಟವನ್ನು ಇಳಿಸಿ ತೆರೆಯುವ ತಂತ್ರಾಂಶ) ಒಂದನ್ನು ಹಾಕಿಕೊಂಡಿದ್ದಾಳೆ. ‘ಪ್ಲೇ’ ಒತ್ತಿದರೆ ಕಡತಗಳು ಇಳಿಯುತ್ತವೆ, ಹಸಿರು ಪಟ್ಟಿ ತುಂಬುತ್ತದೆ, ಆಮೇಲೆ ಆಟದ ಕಿಟಕಿ ಕಾಣಿಸಿಕೊಳ್ಳುವುದೇ ಇಲ್ಲ. ‘ಆಟ ಅನಿರೀಕ್ಷಿತವಾಗಿ ನಿಂತಿತು, ಎಕ್ಸಿಟ್ ಕೋಡ್ 1’ ಎಂಬ ಸಂದೇಶ ಮಾತ್ರ ಬರುತ್ತದೆ. ಮಾಡ್‌ಗಳನ್ನೆಲ್ಲ ತೆಗೆದರೂ ಇದೇ ಕಥೆ. ಅವಳ ಗೆಳತಿಯ ಮನೆಯಲ್ಲಿ ಇದಕ್ಕಿಂತ ಹಳೆಯ ಯಂತ್ರದಲ್ಲಿ ಇದೇ ಆಟ, ಇದೇ ಲಾಂಚರ್ ಚೆನ್ನಾಗಿ ನಡೆಯುತ್ತದೆ. ರಜೆ ಮುಗಿಯುವ ಮೊದಲು ಸರಿಪಡಿಸಿಕೊಡಬೇಕೆಂದಿದ್ದೇನೆ. ಎಲ್ಲಿಂದ ಹುಡುಕಲಿ?

ಬಿಸಿಲುಕುದುರೆ

ಸರ್, ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ ನೋಡಿ. ಲಾಂಚರ್‌ನ ಸೆಟ್ಟಿಂಗ್ಸ್‌ನಲ್ಲಿ ಆಟಕ್ಕೆ ಕೊಟ್ಟಿರುವ ರ್‍ಯಾಮ್ ಹೆಚ್ಚಿಸಿ. ಆಗಲೂ ಆಗದಿದ್ದರೆ ಎಲ್ಲವನ್ನೂ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿ. ಬಹುತೇಕ ಆಟಗಳಿಗೆ ಈ ಮದ್ದು ಸಾಕು.

ಹಳೆಯ ಪೆಂಟಿಯಂ (ಮೈಸೂರು)

ದಯವಿಟ್ಟು ಈಗಲೇ ಏನನ್ನೂ ಅಳಿಸಬೇಡಿ. ಮಗು ಕಟ್ಟಿದ ಲೋಕಗಳು ಅದೇ ಫೋಲ್ಡರ್‌ನಲ್ಲಿದ್ದರೆ ಅವೂ ಹೋಗುತ್ತವೆ. ಮೊದಲು ಲಾಗ್, ಅಂದರೆ ಆಟ ತೆರೆಯುವಾಗ ನಡೆದದ್ದನ್ನು ಬರೆದಿಡುವ ದಾಖಲೆ, ಓದೋಣ.

ಎಕ್ಸಿಟ್ ಕೋಡ್ 1 ಎಂಬುದು ರೋಗದ ಹೆಸರಲ್ಲ. ಆಟವನ್ನು ಓಡಿಸುವ ಜಾವಾ ಕೆಲಸ ಪೂರೈಸದೆ ಹೊರಬಂದಿತು ಎಂಬುದಷ್ಟೇ ಅದರ ಅರ್ಥ. ಕಾರಣ ಲಾಗ್‌ನ ಒಳಗಿರುತ್ತದೆ. ಜಾವಾದ ಆವೃತ್ತಿ ಹೊಂದದಿದ್ದರೆ ಕ್ಲಾಸ್ ಕಡತದ (ಜಾವಾ ಓಡಿಸುವ ಪ್ರೋಗ್ರಾಂ ಕಡತ) ಆವೃತ್ತಿಯ ಬಗ್ಗೆ ದೂರು ಇರುತ್ತದೆ. ಆಟದ 1.18ರಿಂದ 1.20.4ರವರೆಗೆ ಜಾವಾ 17 ಬೇಕು, 1.20.5ರಿಂದ 1.21.11ರವರೆಗೆ ಜಾವಾ 21. ಮಾಡ್ ಹಾಕಿದ ಹಳೆಯ 1.12.2ಕ್ಕೆ ಜಾವಾ 8 ಇರಬೇಕು, ಅದಕ್ಕಿಂತ ಹೊಸದನ್ನು ಕೊಟ್ಟರೆ ಮುನಿಸಿಕೊಳ್ಳುತ್ತದೆ. ರ್‍ಯಾಮ್ ಸಾಲದಿದ್ದರೆ ‘ಹೀಪ್’ಗೆ (ಜಾವಾ ತನಗೆಂದು ಬಳಸುವ ಮೆಮೊರಿ) ಜಾಗ ಕಾದಿರಿಸಲಾಗಲಿಲ್ಲ ಎಂಬ ಸಾಲು ಬರುತ್ತದೆ. ಡ್ರೈವರ್ ದೋಷವಾದರೆ ಚಿತ್ರ ಮೂಡಿಸಲು ಆಟ ಬಳಸುವ ಓಪನ್‌ಜಿಎಲ್‌ನ ಹೆಸರು ಕಾಣಿಸುತ್ತದೆ. ಒಂದೊಂದು ದೋಷಕ್ಕೂ ಅದರದೇ ಗುರುತಿದೆ, ಅದನ್ನು ನೋಡದೆ ಮದ್ದು ಕೊಡುವುದು ಸಮಯ ಹಾಳು.

ಲಾಂಚರ್‌ನಲ್ಲಿ ಆಟದ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ಲಾಗ್ ತೆರೆಯಿರಿ. ಕೊನೆಯಿಂದ ಮೇಲಕ್ಕೆ ಓದುತ್ತಾ ಹೋಗಿ ಮೊದಲು ಸಿಗುವ ದೋಷದ ಸಾಲು ಮತ್ತು ಅದರ ಆಚೀಚೆಯ ಸಾಲುಗಳನ್ನು ಇಲ್ಲಿ ಹಾಕಿ. ಇದ್ದುದನ್ನು ಇದ್ದ ಹಾಗೆ ಹಾಕಿ, ಒಂದು ಚಿಹ್ನೆಯನ್ನೂ ತಿದ್ದಬೇಡಿ.

ಕದಂಬವನ (ಶಿರಸಿ)

ಡ್ರೈವರ್ ಹೊಸದೇ ಇದೆ, ಆದರೂ ಇನ್ನೊಮ್ಮೆ ಹಾಕಿ ನೋಡಿದೆ, ಫಲವಿಲ್ಲ. ಲಾಗ್ ಸಿಕ್ಕಿತು. ಆಟದ ಮುಖ್ಯ ಕ್ಲಾಸ್ ಸಿಗಲಿಲ್ಲ, ಲೋಡ್ ಮಾಡಲಾಗಲಿಲ್ಲ ಎಂಬ ಸಾಲು ಕೊನೆಯಲ್ಲಿದೆ. ಅದರ ಮೇಲೆ ಲೈಬ್ರರಿಗಳ ವಿಳಾಸ ಹೀಗಿದೆ:

ಸಿ:\ಯೂಸರ್ಸ್\???????\ಆಪ್‌ಡೇಟಾ\ರೋಮಿಂಗ್\

ಆಮೇಲೆ ಲಾಂಚರ್‌ನ ಹೆಸರು ಮತ್ತು ಉಳಿದ ಫೋಲ್ಡರ್‌ಗಳು. ಆ ಪ್ರಶ್ನಾರ್ಥಕ ಚಿಹ್ನೆಗಳನ್ನು ನಾನು ಹಾಕಿದ್ದಲ್ಲ, ಲಾಗ್‌ನಲ್ಲೇ ಹಾಗಿವೆ. ಗುಟ್ಟು ಕಾಪಾಡಲು ಹೆಸರು ಮರೆಮಾಡಿರಬಹುದೆಂದು ಭಾವಿಸಿದೆ.

ಹಳೆಯ ಪೆಂಟಿಯಂ (ಮೈಸೂರು)

ಮರೆಮಾಡಿದ್ದಲ್ಲ. ಸಮಸ್ಯೆ ಇರುವುದೇ ಅಲ್ಲಿ ಎಂದು ನನಗೆ ಅನಿಸುತ್ತಿದೆ. ವಿಂಡೋಸ್‌ನಲ್ಲಿ ಮಗಳ ಖಾತೆಯ ಹೆಸರನ್ನು ಕನ್ನಡದಲ್ಲಿ ಬರೆದಿದ್ದೀರಾ? ಬರೆದಿದ್ದರೆ ಆ ಹೆಸರೇನು? ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್ ತೆರೆದು ಅಲ್ಲಿ ಹೇಗಿದೆಯೋ ಹಾಗೇ ನಕಲಿಸಿ ಹಾಕಿ.

ಕದಂಬವನ (ಶಿರಸಿ)

ಹೌದು ಸರ್, ‘ಪ್ರಕೃತಿ’ ಎಂದೇ ಇದೆ. ಮನೆಯ ಕಂಪ್ಯೂಟರ್ ಕನ್ನಡದಲ್ಲಿರಲಿ ಎಂಬ ಆಸೆಯಿಂದ ವಿಂಡೋಸ್ ಅನ್ನೂ ಕನ್ನಡದಲ್ಲೇ ಇಟ್ಟಿದ್ದೇವೆ. ಖಾತೆ ತೆರೆಯುವಾಗ ಅವಳೇ ತನ್ನ ಹೆಸರನ್ನು ಟೈಪ್ ಮಾಡಿದಳು. ಬ್ರೌಸರ್, ವರ್ಡ್, ಶಾಲೆಯ ಪಾಠದ ತಂತ್ರಾಂಶ ಯಾವುದಕ್ಕೂ ಇದುವರೆಗೆ ತೊಡಕಾಗಿಲ್ಲ. ಅದೂ ಅಲ್ಲದೆ ‘ಪ್ರಕೃತಿ’ಯಲ್ಲಿ ಇರುವುದು ಮೂರೇ ಅಕ್ಷರ, ಪ್ರಶ್ನಾರ್ಥಕ ಚಿಹ್ನೆಗಳು ಏಳು. ಹೇಗೆ ತಾಳೆಯಾಗುತ್ತದೆ?

ಹಳೆಯ ಪೆಂಟಿಯಂ (ಮೈಸೂರು)

ಚೆನ್ನಾಗಿ ಗಮನಿಸಿದ್ದೀರಿ, ಆ ಏಳರಿಂದಲೇ ಖಚಿತವಾಯಿತು. ನಾವು ಓದುವಾಗ ಪ್ರ, ಕೃ, ತಿ ಎಂದು ಮೂರು. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಅದನ್ನು ಬಿಡಿಸಿ ಇಡುತ್ತದೆ: ಪ, ಅರ್ಧಾಕ್ಷರ ಮಾಡುವ ಗುರುತು, ರ, ಕ, ಋಕಾರದ ಗುರುತು, ತ, ಗುಡಿಸು. ಎಣಿಸಿ, ಏಳು. ಒಂದೊಂದರ ಜಾಗದಲ್ಲೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಕುಳಿತಿದೆ.

ಹೀಗಾಗಲು ಕಾರಣವಿದೆ. ವಿಂಡೋಸ್ ತನ್ನ ಒಳಗೆ ಫೋಲ್ಡರ್ ಹೆಸರುಗಳನ್ನು ಯೂನಿಕೋಡ್‌ನಲ್ಲೇ ಇಟ್ಟುಕೊಳ್ಳುತ್ತದೆ. ಆದ್ದರಿಂದ ನಿಮ್ಮ ಬ್ರೌಸರ್‌ಗೂ ವರ್ಡ್‌ಗೂ ತೊಂದರೆಯಿಲ್ಲ. ಆದರೆ ಹಳೆಯ ಪದ್ಧತಿಯಲ್ಲಿ ಬರೆದ ಪ್ರೋಗ್ರಾಂಗಳು ವಿಂಡೋಸ್‌ನೊಡನೆ ಎಎನ್‌ಎಸ್‌ಐ ಕೋಡ್ ಪೇಜ್ ಎಂಬ ಕಿರಿದಾದ ಪಟ್ಟಿಯ ಮೂಲಕ ವ್ಯವಹರಿಸುತ್ತವೆ. ನಮ್ಮಲ್ಲಿ ಸಾಮಾನ್ಯವಾಗಿ ಅದು 1252, ಪಶ್ಚಿಮ ಯೂರೋಪಿನ ಅಕ್ಷರಗಳ ಪಟ್ಟಿ. ಅದರಲ್ಲಿ ಕನ್ನಡದ ಒಂದು ಅಕ್ಷರವೂ ಇಲ್ಲ. ಇಲ್ಲದ ಅಕ್ಷರ ಬಂದಾಗ ಅದರ ಬದಲಿಗೆ ಪ್ರಶ್ನಾರ್ಥಕ ಚಿಹ್ನೆ ಇಡುವುದು ವಿಂಡೋಸ್‌ನ ವಾಡಿಕೆ. ಆ ಚಿಹ್ನೆಯನ್ನು ಕಡತದ ಹೆಸರಿನಲ್ಲಿ ಬಳಸಲು ವಿಂಡೋಸ್ ಬಿಡುವುದೇ ಇಲ್ಲ. ಹಾಗಾಗಿ ಜಾವಾ ಹುಡುಕುತ್ತಿರುವುದು ಯಾವ ಯಂತ್ರದಲ್ಲೂ ಇರಲಾರದ ಫೋಲ್ಡರನ್ನು. ಆಟದ ಕಡತಗಳೆಲ್ಲ ಸರಿಯಾಗಿಯೇ ಇಳಿದಿವೆ. ನೀವು ಎಷ್ಟು ಸಲ ಅಳಿಸಿ ಮತ್ತೆ ಹಾಕಿದರೂ ಅವು ಅದೇ ಜಾಗದಲ್ಲಿ ಕೂರುತ್ತವೆ, ಜಾವಾಕ್ಕೆ ಸಿಗುವುದಿಲ್ಲ.

ನೇರಮಾತು

ಇಷ್ಟೆಲ್ಲ ಏಕೆ? ಕಂಪ್ಯೂಟರಿನಲ್ಲಿ ಹೆಸರನ್ನು ಇಂಗ್ಲಿಷಿನಲ್ಲಿ ಇಡಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಕನ್ನಡಾಭಿಮಾನ ಬೇರೆ ಕಡೆ ಇರಲಿ, ಫೋಲ್ಡರ್ ಹೆಸರಿನಲ್ಲಿ ಬೇಡ.

ಕಾವೇರಿ ತಿರುವು (ಮ್ಯೂನಿಕ್)

ನೇರಮಾತು ಅವರೇ, ನಾನು ಇದನ್ನು ಒಪ್ಪುವುದಿಲ್ಲ. ವಿಂಡೋಸ್ ಕನ್ನಡದಲ್ಲಿ ಹೆಸರು ಕೇಳಿತು, ಒಂದು ಮಗು ಕನ್ನಡದಲ್ಲಿ ಹೆಸರು ಕೊಟ್ಟಿತು, ವಿಂಡೋಸ್ ಅದನ್ನು ಒಪ್ಪಿಕೊಂಡು ಫೋಲ್ಡರನ್ನೂ ಮಾಡಿತು. ಇದರಲ್ಲಿ ಆ ಮಗು ಮಾಡಬಾರದ್ದನ್ನು ಏನು ಮಾಡಿತು? ಕನ್ನಡ ಯೂನಿಕೋಡ್‌ಗೆ ಸೇರಿದ್ದು 1991ರ ಮೊದಲ ಆವೃತ್ತಿಯಲ್ಲೇ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಸಹಿತ ಕನ್ನಡ ಬಂದಿತ್ತು. ಇಷ್ಟು ಕಾಲ ಕಳೆದ ಮೇಲೂ ಕನ್ನಡದ ಹೆಸರು ಕಂಡು ಒಂದು ಪ್ರೋಗ್ರಾಂ ಬಿದ್ದುಹೋಗುತ್ತದೆ ಎಂದರೆ ತಿದ್ದಿಕೊಳ್ಳಬೇಕಾದದ್ದು ಆ ಪ್ರೋಗ್ರಾಂ.

ಈ ತೊಂದರೆ ಕನ್ನಡಿಗರಿಗೆ ಮಾತ್ರ ಬಂದದ್ದಲ್ಲ. ಆದರೆ ನಮಗೆ ಹೆಚ್ಚು ತಟ್ಟುತ್ತದೆ, ಅದಕ್ಕೂ ಕಾರಣವಿದೆ. ರಷ್ಯನ್ನರಿಗೆ 1251, ಜಪಾನೀಯರಿಗೆ 932, ಥಾಯ್ ಭಾಷೆಗೆ 874 ಎಂದು ವಿಂಡೋಸ್‌ನಲ್ಲಿ ಅವರದೇ ಕೋಡ್ ಪೇಜ್‌ಗಳಿವೆ. ರಷ್ಯನ್ ಹೆಸರಿನ ಫೋಲ್ಡರ್ ಇದ್ದವರು ಸಿಸ್ಟಂ ಲೊಕೇಲ್ (ಹಳೆಯ ಪ್ರೋಗ್ರಾಂಗಳಿಗೆ ಯಾವ ಕೋಡ್ ಪೇಜ್ ಎಂದು ತಿಳಿಸುವ ಆಯ್ಕೆ) ಅನ್ನು ರಷ್ಯನ್‌ಗೆ ಬದಲಿಸಿದರೆ ಹಳೆಯ ಪ್ರೋಗ್ರಾಂಗಳಿಗೂ ಆ ಹೆಸರು ಓದಲು ಬರುತ್ತದೆ. ಕನ್ನಡಕ್ಕೆ ಆ ದಾರಿಯಿಲ್ಲ. ಭಾರತೀಯ ಲಿಪಿಗಳ ಹಳೆಯ ಸಂಕೇತ ಪದ್ಧತಿಯಾದ ಇಸ್ಕಿಯ ಕನ್ನಡಕ್ಕೆ 57008 ಎಂಬ ಸಂಖ್ಯೆಯೇನೋ ಇದೆ, ಆದರೆ ಅದು ಪಠ್ಯವನ್ನು ಪರಿವರ್ತಿಸಲಿಕ್ಕೆ ಮಾತ್ರ, ಇಡೀ ವ್ಯವಸ್ಥೆಯ ಕೋಡ್ ಪೇಜ್ ಆಗಿ ಕೂರಿಸಲು ಬರುವುದಿಲ್ಲ. ಭಾರತೀಯ ಲಿಪಿಗಳನ್ನು ವಿಂಡೋಸ್ ನೇರವಾಗಿ ಯೂನಿಕೋಡ್‌ಗೇ ತಂದಿತು. ಆ ನಿರ್ಧಾರ ಸರಿಯಾದದ್ದೇ. ಪ್ರೋಗ್ರಾಂ ಬರೆಯುವವರು ಅದರ ಜೊತೆಗೆ ಬರಲಿಲ್ಲ.

ನಾನು ಕೆಲಸ ಮಾಡುವುದೇ ಜಾವಾದಲ್ಲಿ, ಆದ್ದರಿಂದ ಇನ್ನೊಂದು ಮಾತು. ಓಡಲು ಆರಂಭಿಸಿದ ಜಾವಾಕ್ಕೆ ಕನ್ನಡ ಕಡತಗಳು ಕಷ್ಟವಲ್ಲ, ಅದು ಯೂನಿಕೋಡ್ ದಾರಿಯಲ್ಲೇ ಅವನ್ನು ತೆರೆಯುತ್ತದೆ. ತೊಡಕಿರುವುದು ಆರಂಭದಲ್ಲಿ. ಲಾಂಚರ್ ಕೊಡುವ ಆದೇಶದ ಸಾಲನ್ನು ಜಾವಾ ಕೋಡ್ ಪೇಜ್ ಮೂಲಕ ಓದುತ್ತದೆ, ಡಿಎಲ್‌ಎಲ್ ಕಡತಗಳನ್ನು (ವಿಂಡೋಸ್ ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡ್) ಒಳಗೆಳೆದುಕೊಳ್ಳುವುದೂ ಅದೇ ದಾರಿಯಲ್ಲಿ. 2022ರ ಜಾವಾ 18ರಲ್ಲಿ ಯುಟಿಎಫ್-8 (ಯೂನಿಕೋಡ್ ಅನ್ನು ಬೈಟ್‌ಗಳಾಗಿ ಬರೆಯುವ ವಿಧಾನ) ಸಹಜ ಆಯ್ಕೆಯಾಯಿತು ಎಂದು ಕೇಳಿ ಇದೂ ಸರಿಹೋಯಿತು ಎಂದುಕೊಂಡವರಿದ್ದಾರೆ. ಆ ಬದಲಾವಣೆ ಕಡತದ ಒಳಗಿನ ಪಠ್ಯಕ್ಕೆ ಸಂಬಂಧಿಸಿದ್ದು, ಫೋಲ್ಡರ್‌ನ ವಿಳಾಸಕ್ಕಲ್ಲ.

ಬಿಸಿಲುಕುದುರೆ

ಹಾಗಾದರೆ ಕಂಟ್ರೋಲ್ ಪ್ಯಾನೆಲ್‌ನ ರೀಜನ್ ವಿಭಾಗದಲ್ಲಿ ಸಿಸ್ಟಂ ಲೊಕೇಲ್ ಬದಲಿಸುವಲ್ಲಿ ಯುಟಿಎಫ್-8 ಬಳಸುವ ‘ಬೀಟಾ’ ಗುರುತು ಒಂದಿದೆಯಲ್ಲ? ಅದನ್ನು ಹಾಕಿ ಕಂಪ್ಯೂಟರ್ ಮತ್ತೆ ಆನ್ ಮಾಡಿದರೆ ಕೋಡ್ ಪೇಜೇ ಯೂನಿಕೋಡ್ ಆಗುತ್ತದೆ. ಒಂದೇ ಕ್ಲಿಕ್‌ನ ಕೆಲಸ.

ಅಕ್ಷರಜೋಡಣೆ (ಹುಬ್ಬಳ್ಳಿ)

ಆ ಗುರುತು ಹಾಕುವ ಮೊದಲು ನನ್ನ ಮಾತು ಕೇಳಿ. ನಮ್ಮದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಸಂಘಗಳ ವಾರ್ಷಿಕ ವರದಿ, ಇವೇ ದಿನದ ಕೆಲಸ. ನಮ್ಮಲ್ಲಿ ಇಂದಿಗೂ ಅರ್ಧಕ್ಕರ್ಧ ಹಳೆಯ ಮ್ಯಾಟರ್ ಇರುವುದು ನುಡಿ, ಬರಹದ ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ. ಆ ಫಾಂಟ್‌ಗಳು ಕನ್ನಡದ ತುಣುಕುಗಳನ್ನು ಕೂರಿಸಿರುವುದು ಆ 1252ರ ಯೂರೋಪಿಯನ್ ಅಕ್ಷರಗಳ ಜಾಗದಲ್ಲೇ. ಫಾಂಟ್ ಬದಲಿಸಿದರೆ ‘ಕ’ ಇದ್ದಲ್ಲಿ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು ಕಾಣುವುದು ಅದಕ್ಕಾಗಿಯೇ.

ಇಡೀ ಯಂತ್ರದ ಕೋಡ್ ಪೇಜನ್ನು ಯುಟಿಎಫ್-8 ಮಾಡಿದರೆ ಹಳೆಯ ತಂತ್ರಾಂಶಗಳು ಆ ಬೈಟ್‌ಗಳನ್ನು ಯುಟಿಎಫ್-8 ಎಂದು ಭಾವಿಸಿ ಓದುತ್ತವೆ. 127ರ ಮೇಲಿನ ಒಂಟಿ ಬೈಟ್ ಯುಟಿಎಫ್-8ರಲ್ಲಿ ಸಿಂಧುವಲ್ಲ. ನಮ್ಮಲ್ಲಿ ಹುಡುಗನೊಬ್ಬ ಆಟಕ್ಕೆಂದೇ ಈ ಗುರುತು ಹಾಕಿದ್ದ. ಮರುದಿನ ಹಳೆಯ ಪಠ್ಯದ ಕಡತ ತೆರೆದರೆ ವಧೂವರರ ಹೆಸರಿನ ಜಾಗದಲ್ಲಿ ಬರೀ ಚೌಕಗಳು. ಸೇವ್ ಮಾಡದೆ ಮುಚ್ಚಿದ್ದರಿಂದ ಮೂಲ ಉಳಿಯಿತು. ಗುರುತು ತೆಗೆದು ಮತ್ತೆ ಆನ್ ಮಾಡಿದ ಮೇಲೆ ಸರಿಯಾಯಿತು. ಮನೆಯಲ್ಲಿ ಯಾರಾದರೂ ನುಡಿಯ ಹಳೆಯ ಕಡತಗಳನ್ನು ಬಳಸುತ್ತಿದ್ದರೆ ಈ ದಾರಿ ಬೇಡವೇ ಬೇಡ. ಶಾಲೆ, ಪಂಚಾಯಿತಿಯ ಕಾಗದಗಳಿದ್ದರಂತೂ ಮುಟ್ಟಬೇಡಿ.

ಕದಂಬವನ (ಶಿರಸಿ)

ಹೇಳಿದ್ದು ಒಳ್ಳೆಯದಾಯಿತು. ನಾನು ಶಿಕ್ಷಕ, ಪ್ರಶ್ನೆಪತ್ರಿಕೆಗಳೆಲ್ಲ ನುಡಿಯಲ್ಲೇ ಇವೆ, ಇದೇ ಯಂತ್ರಕ್ಕೆ ತಂದಿಟ್ಟುಕೊಂಡಿದ್ದೇನೆ. ಆ ಗುರುತು ಬೇಡ. ಸೆಟ್ಟಿಂಗ್ಸ್‌ನಲ್ಲಿ ಖಾತೆಯ ಹೆಸರನ್ನು ಇಂಗ್ಲಿಷಿಗೆ ಬದಲಿಸಿದರೆ ಆಗುತ್ತದೆಯೇ?

ಹಳೆಯ ಪೆಂಟಿಯಂ (ಮೈಸೂರು)

ಆಗುವುದಿಲ್ಲ. ಖಾತೆಯ ಹೆಸರು ಬದಲಿಸಿದರೆ ಪರದೆಯ ಮೇಲೆ ತೋರುವ ಹೆಸರು ಮಾತ್ರ ಬದಲಾಗುತ್ತದೆ. ಫೋಲ್ಡರ್ ಖಾತೆ ಹುಟ್ಟಿದ ದಿನ ಹೇಗಿತ್ತೋ ಹಾಗೇ ಇರುತ್ತದೆ. ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಗೆ ಕೈಹಾಕಿ ಫೋಲ್ಡರ್ ಹೆಸರು ಬದಲಿಸುವ ವಿಡಿಯೊಗಳು ಸಾಕಷ್ಟಿವೆ, ಅವುಗಳ ತಂಟೆಗೆ ಹೋಗಬೇಡಿ. ಹಳೆಯ ವಿಳಾಸವನ್ನು ಬರೆದಿಟ್ಟುಕೊಂಡಿರುವ ಎಷ್ಟೋ ಪ್ರೋಗ್ರಾಂಗಳು ಇರುತ್ತವೆ, ಅವೆಲ್ಲ ಒಂದೊಂದಾಗಿ ಕೆಡುತ್ತವೆ.

ಇದನ್ನೇ ನಿಮ್ಮ ಅನುಕೂಲಕ್ಕೆ ತಿರುಗಿಸಿಕೊಳ್ಳಬಹುದು. ಹೊಸ ಸ್ಥಳೀಯ ಖಾತೆಯೊಂದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತೆರೆಯಿರಿ. ಫೋಲ್ಡರ್ ಇಂಗ್ಲಿಷಿನಲ್ಲಿ ಸೃಷ್ಟಿಯಾದ ಮೇಲೆ ತೋರುವ ಹೆಸರನ್ನು ‘ಪ್ರಕೃತಿ’ ಎಂದು ಬದಲಿಸಿ. ಲಾಗಿನ್ ಪರದೆಯಲ್ಲಿ ಕನ್ನಡವೇ ಇರುತ್ತದೆ, ವಿಂಡೋಸ್ ಕನ್ನಡದಲ್ಲೇ ಇರುತ್ತದೆ, ಆಟಕ್ಕೂ ತೊಂದರೆಯಿಲ್ಲ. ಇನ್ನೂ ಖಾತೆ ತೆರೆಯದವರಿಗೆ ನಾನು ಹೇಳುವುದು ಇದನ್ನೇ.

ಈಗಿರುವ ಖಾತೆಯನ್ನು ಬಿಡಲು ಮನಸ್ಸಿಲ್ಲದಿದ್ದರೆ ಲಾಂಚರ್ ಅನ್ನೇ ಬೇರೆ ಕಡೆ ಇಡಬೇಕು. ಡಿ ಡ್ರೈವ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಚಿಕ್ಕ ಹೆಸರಿನ ಫೋಲ್ಡರ್ ಮಾಡಿ. ಹೆಸರಿನಲ್ಲಿ ಆಶ್ಚರ್ಯಸೂಚಕ ಚಿಹ್ನೆಯೂ ಬೇಡ, ಜಾವಾಕ್ಕೆ ಅದೂ ಆಗುವುದಿಲ್ಲ. ಲಾಂಚರ್‌ನ ಪೋರ್ಟಬಲ್ ಆವೃತ್ತಿ (ಇನ್‌ಸ್ಟಾಲ್ ಮಾಡದೆ ಇಟ್ಟಲ್ಲಿಂದಲೇ ನಡೆಯುವಂಥದ್ದು) ಇದ್ದರೆ ಅಲ್ಲಿಗೆ ಇಳಿಸಿ. ಅದು ತಾನೇ ಇಳಿಸಿಕೊಳ್ಳುವ ಜಾವಾ ಕೂಡ ಅಲ್ಲೇ ಕೂರುತ್ತದೆ. ಹಳೆಯ ಜಾಗದಲ್ಲಿ ‘ಸೇವ್ಸ್’ ಎಂಬ ಫೋಲ್ಡರ್ ಇದ್ದರೆ ಮೊದಲು ಅದನ್ನು ಪೆನ್‌ಡ್ರೈವ್‌ಗೆ ನಕಲಿಸಿಕೊಳ್ಳಿ. ಆಪ್‌ಡೇಟಾ ಎಂಬುದು ಮರೆಯಲ್ಲಿರುವ ಫೋಲ್ಡರ್, ಎಕ್ಸ್‌ಪ್ಲೋರರ್‌ನಲ್ಲಿ ಮರೆಯಾದವುಗಳನ್ನು ತೋರಿಸು ಎಂಬ ಆಯ್ಕೆ ಒತ್ತಿದರೆ ಮಾತ್ರ ಕಾಣುತ್ತದೆ.

ಕದಂಬವನ (ಶಿರಸಿ)

ಅವಳ ಚಿತ್ರಗಳು, ಶಾಲೆಯ ಕೆಲಸ ಎಲ್ಲ ಹಳೆಯ ಖಾತೆಯಲ್ಲೇ ಇರುವುದರಿಂದ ಎರಡನೆಯ ದಾರಿ ಹಿಡಿದೆವು. ಸ್ವಲ್ಪ ಮುಂದೆ ಹೋಯಿತು. ಮುಖ್ಯ ಕ್ಲಾಸ್‌ನ ದೂರು ಈಗಿಲ್ಲ. ಲಾಗ್‌ನಲ್ಲಿ ಮಾಡ್‌ಗಳ ಹೆಸರುಗಳು ಸಾಲಾಗಿ ಬಂದವು, ಮಗಳು ಚಪ್ಪಾಳೆ ತಟ್ಟಿದಳು, ಅಷ್ಟರಲ್ಲಿ ಮತ್ತೆ ನಿಂತಿತು. ಈ ಸಲದ ಸಾಲಿನಲ್ಲಿ ಎಲ್‌ಡಬ್ಲ್ಯುಜೆಜಿಎಲ್ ಎಂಬ ಲೈಬ್ರರಿಯನ್ನು ಲೋಡ್ ಮಾಡಲಾಗಲಿಲ್ಲ ಎಂದಿದೆ. ವಿಳಾಸದಲ್ಲಿ ಮತ್ತೆ ಅವೇ ಏಳು ಚಿಹ್ನೆಗಳು, ಕೊನೆಗೆ ‘ಲೋಕಲ್’, ‘ಟೆಂಪ್’ ಎಂದಿದೆ.

ಹಳೆಯ ಪೆಂಟಿಯಂ (ಮೈಸೂರು)

ಸರಿಯಾದ ದಾರಿಯಲ್ಲೇ ಇದ್ದೀರಿ. ಆ ಲೈಬ್ರರಿ ಆಟವನ್ನು ಗ್ರಾಫಿಕ್ಸ್, ಧ್ವನಿ, ಕೀಬೋರ್ಡ್‌ಗಳಿಗೆ ಜೋಡಿಸುವಂಥದ್ದು. ತನ್ನ ಡಿಎಲ್‌ಎಲ್ ಕಡತಗಳನ್ನು ಅದು ತಾತ್ಕಾಲಿಕ ಫೋಲ್ಡರ್‌ಗೆ ಬಿಚ್ಚಿಕೊಂಡು ಅಲ್ಲಿಂದ ಲೋಡ್ ಮಾಡುತ್ತದೆ. ಆ ತಾತ್ಕಾಲಿಕ ಫೋಲ್ಡರ್ ಇನ್ನೂ ‘ಪ್ರಕೃತಿ’ಯ ಒಳಗೇ ಇದೆ.

ಸಿ ಡ್ರೈವ್‌ನಲ್ಲಿ ನೇರವಾಗಿ ‘ಟೆಂಪ್’ ಎಂಬ ಫೋಲ್ಡರ್ ಮಾಡಿ, ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿರಲಿ. ಸ್ಟಾರ್ಟ್ ಒತ್ತಿ ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ಎಂದು ಹುಡುಕಿ. ತೆರೆಯುವ ಕಿಟಕಿಯ ಮೇಲಿನ ಅರ್ಧ ಬಳಕೆದಾರರಿಗೆ, ಕೆಳಗಿನ ಅರ್ಧ ಇಡೀ ಯಂತ್ರಕ್ಕೆ ಸಂಬಂಧಿಸಿದ್ದು. ಟೆಂಪ್, ಟಿಎಂಪಿ ಎಂಬ ಎರಡು ಸಾಲುಗಳು ಎರಡೂ ಕಡೆ ಇವೆ, ಮೇಲಿನ ಅರ್ಧದಲ್ಲಿರುವ ಎರಡನ್ನೂ ಆ ಹೊಸ ಫೋಲ್ಡರ್‌ಗೆ ತಿರುಗಿಸಿ. ಒಂದನ್ನು ಮಾತ್ರ ಬದಲಿಸಿದರೆ ಸಾಲದು. ಕೆಳಗಿನ ಅರ್ಧವನ್ನು ಹಾಗೇ ಬಿಡಿ. ಸೈನ್ ಔಟ್ ಆಗಿ ಮತ್ತೆ ಒಳಗೆ ಬನ್ನಿ, ತೆರೆದಿರುವ ಲಾಂಚರ್‌ಗೆ ಹೊಸ ವಿಳಾಸ ತಿಳಿದಿರುವುದಿಲ್ಲ.

ಕದಂಬವನ (ಶಿರಸಿ)

ತೆರೆಯಿತು! ಶೀರ್ಷಿಕೆಯ ಪರದೆ ಬಂದ ಕೂಡಲೇ ಮಗಳು ಕೆಳಗಿನ ಭೂಗೋಳದ ಗುಂಡಿ ಒತ್ತಿ ಪಟ್ಟಿಯಲ್ಲಿ ಕನ್ನಡವನ್ನು ಹುಡುಕಿ ಆರಿಸಿದಳು. ಆಟದಲ್ಲಿ ಕನ್ನಡ ಇದೆಯೆಂಬುದು ನನಗೆ ತಿಳಿದಿರಲಿಲ್ಲ, ಅವಳಿಗೆ ತಿಳಿದಿತ್ತು. ಹೊಸ ಲೋಕಕ್ಕೆ ಕನ್ನಡದಲ್ಲೇ ಹೆಸರಿಟ್ಟಿದ್ದಾಳೆ, ಮುಚ್ಚಿ ತೆರೆದರೂ ಅದು ಹಾಗೇ ಇದೆ. ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು.

ಒಂದು ಸಂಶಯ. ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ಕಾಣುತ್ತಿವೆ, ‘ಪ್ರ’ ಎಂಬುದು ‘ಪ್’ ಮತ್ತು ‘ರ’ ಆಗಿ ಪಕ್ಕಪಕ್ಕ ನಿಂತಿದೆ. ಕೆಲವು ಸಾಲುಗಳು ಇನ್ನೂ ಇಂಗ್ಲಿಷಿನಲ್ಲಿವೆ. ಇದೂ ಫೋಲ್ಡರ್‌ನ ತೊಂದರೆಯೇ?

ಕಾವೇರಿ ತಿರುವು (ಮ್ಯೂನಿಕ್)

ಅಲ್ಲ ಸರ್, ನಿಮ್ಮ ಯಂತ್ರದಲ್ಲಿ ಕೆಟ್ಟದ್ದು ಈಗ ಏನೂ ಇಲ್ಲ. ಕನ್ನಡ ಅಕ್ಷರಗಳಿಗೆ ಆಟ ಬಳಸುವುದು ಯೂನಿಫಾಂಟ್ ಎಂಬ ಚುಕ್ಕಿಗಳ ಫಾಂಟ್. ಅದು ಯೂನಿಕೋಡ್‌ನ ಒಂದೊಂದು ಗುರುತನ್ನೂ ಒಂದರ ಪಕ್ಕ ಒಂದು ಇಡುತ್ತದೆ. ಕನ್ನಡದಲ್ಲಿ ವ್ಯಂಜನಗಳನ್ನು ಬೆಸೆದು ಒತ್ತು ಮಾಡುವ ಕೆಲಸವನ್ನು ಅಕ್ಷರ ಮೂಡಿಸುವ ತಂತ್ರಾಂಶವೇ ಮಾಡಬೇಕು, ಬ್ರೌಸರ್‌ಗಳು ಮಾಡುತ್ತವೆ, ಈ ಆಟ ಮಾಡುವುದಿಲ್ಲ. ಇದು ನನಗೆ ನಿಜವಾಗಿಯೂ ಬೇಸರ ತರಿಸುವ ವಿಷಯ, ಏಕೆಂದರೆ ಅನುವಾದಿಸಿದವರು ಪ್ರೀತಿಯಿಂದ ಮಾಡಿದ್ದಾರೆ. ಇಂಗ್ಲಿಷಿನಲ್ಲಿ ಉಳಿದಿರುವ ಸಾಲುಗಳು ಇನ್ನೂ ಅನುವಾದವಾಗದವು. ಅನುವಾದ ನಡೆಯುವುದು ಕ್ರೌಡಿನ್ ಎಂಬ ತಾಣದಲ್ಲಿ, ಸ್ವಯಂಸೇವಕರಿಂದ. ಶಿಕ್ಷಕರಾದ ನೀವು ಕೈಜೋಡಿಸಿದರೆ ಕನ್ನಡ ಇನ್ನಷ್ಟು ಚೆನ್ನಾಗಿರುತ್ತದೆ. ಮಗಳನ್ನೂ ಜೊತೆಗೆ ಕೂರಿಸಿಕೊಳ್ಳಿ, ಆಟದ ವಸ್ತುಗಳು ಅವಳಿಗೆ ಚೆನ್ನಾಗಿ ಗೊತ್ತಿರುತ್ತವೆ.

ಬೆಟ್ಟದಹೂವು

ನನಗೂ ಎಕ್ಸಿಟ್ ಕೋಡ್ 1 ಬರುತ್ತಿದೆ. ಇಲ್ಲಿ ಹೇಳಿದ ಹಾಗೆ ಟೆಂಪ್ ಬದಲಿಸಿದರೂ ಸರಿಯಾಗಲಿಲ್ಲ. ನನ್ನ ಖಾತೆಯ ಹೆಸರು ಇಂಗ್ಲಿಷಿನಲ್ಲೇ ಇದೆ. ಲಾಗ್‌ನಲ್ಲಿ ಜಿಎಲ್‌ಎಫ್‌ಡಬ್ಲ್ಯು ಎರರ್ 65542 ಎಂದಿದೆ. ಹಳೆಯ ಲ್ಯಾಪ್‌ಟಾಪ್, ಹೊಸದಾಗಿ ವಿಂಡೋಸ್ ಹಾಕಿಸಿಕೊಂಡು ಬಂದೆ.

ಹಳೆಯ ಪೆಂಟಿಯಂ (ಮೈಸೂರು)

ನಿಮ್ಮದು ಬೇರೆ ಕಾಯಿಲೆ, ಟೆಂಪ್ ಅನ್ನು ಮೊದಲಿದ್ದಂತೆ ಇಡಿ. 65542 ಎಂದರೆ ಓಪನ್‌ಜಿಎಲ್‌ಗೆ ಬೆಂಬಲ ಕೊಡುವ ಡ್ರೈವರ್ ಸಿಗಲಿಲ್ಲ ಎಂದು. ಬಿಸಿಲುಕುದುರೆ ಅವರು ಮೊದಲು ಹೇಳಿದ ಮದ್ದು ನಿಮಗೆ ಸರಿಹೊಂದುತ್ತದೆ. ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ವಿಭಾಗ ನೋಡಿ. ಅಲ್ಲಿ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದಿದ್ದರೆ ಹೊಸ ವಿಂಡೋಸ್ ಹಾಕಿದವರು ಗ್ರಾಫಿಕ್ಸ್ ಡ್ರೈವರ್ ಹಾಕಿಲ್ಲ. ಆ ಸಾಮಾನ್ಯ ಡ್ರೈವರ್‌ನಿಂದ ಸಿಗುವುದು ಓಪನ್‌ಜಿಎಲ್ 1.1 ಮಾತ್ರ, ಆಟಕ್ಕೆ 1.17ರಿಂದ ಈಚೆಗೆ ಕನಿಷ್ಠ 3.2 ಬೇಕು. ಲ್ಯಾಪ್‌ಟಾಪ್ ತಯಾರಕರ ತಾಣದಲ್ಲಿ ನಿಮ್ಮ ಮಾದರಿಯ ಸಂಖ್ಯೆ ಕೊಟ್ಟು ಡ್ರೈವರ್ ಇಳಿಸಿಕೊಳ್ಳಿ. ಅದನ್ನು ಹಾಕಿ ಮತ್ತೆ ಆನ್ ಮಾಡಿದ ಮೇಲೂ ನಿಂತರೆ ಲಾಗ್‌ನೊಂದಿಗೆ ಹೊಸ ಪ್ರಶ್ನೆಯಾಗಿ ಹಾಕಿ, ಗ್ರಾಫಿಕ್ಸ್ ಚಿಪ್‌ನ ಹೆಸರನ್ನೂ ಬರೆಯಿರಿ. ತೀರಾ ಹಳೆಯ ಚಿಪ್ ಆಗಿದ್ದರೆ 3.2 ಅದಕ್ಕೆ ನಿಲುಕದೆಯೂ ಇರಬಹುದು, ಆಗ 1.16.5 ಆವೃತ್ತಿಯನ್ನು ಆಡಬಹುದು.